ಗ್ಯಾನಮ್ಮನಿಗೆ ಮಾಡಿದ ಸೂಜಿ

ಮಸ್ಕಿ,
11 ಆಗಸ್ಟ್ 1993

ಪ್ರೀತಿಯ ಆದೆಮ್ಮ,

ಈ ಚೀಟಿಯ ಜೊತೆ ದುರುಗಪ್ಪ ಎಂಬವನು ಒಂದು ಸಣ್ಣ ಬಾಟ್ಲಿ ತಂದುಕೊಡುತ್ತಾನೆ. ಕುರಿ ಸಾಕುವ ಮನುಷ್ಯ, ಮಾತು ಒರಟು, ಮಗಳ ಮೇಲೆ ಜೀವ. ಬಾಟ್ಲಿಯಲ್ಲಿರುವುದು ಆ ಮಗಳ ಮಲ. ಹೆಸರು ಗ್ಯಾನಮ್ಮ, ಹದಿನೆಂಟು ವರ್ಷ. ಮೂರು ದಿನದಿಂದ ಭೇದಿ, ಜ್ವರ, ಹೊಟ್ಟೆ ಹಿಂಡುವ ನೋವು. ನಿನ್ನೆಯಿಂದ ರಕ್ತವೂ ಬೀಳುತ್ತಿದೆ, ನಾನೇ ನೋಡಿದ್ದೇನೆ. ಉಪ್ಪು ಸಕ್ಕರೆ ನೀರು ಕುಡಿಸಿದರೆ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಮಂಗಳವಾರದ ಭೇಟಿಗೆ ಬಂದ ಡಾಕ್ಟರ್ ಸಾಹೇಬರು ವಾಂತಿ ನಿಲ್ಲುವ ಸೂಜಿ ಬರೆದುಕೊಟ್ಟರು. ಸಿರಿಂಜು ಕುದಿಸಿ ನಾನೇ ಮಾಡಿದೆ. ಇವತ್ತು ನೀರು ನಿಲ್ಲುತ್ತಿದೆ, ಎದ್ದು ಕೂತಿದ್ದಾಳೆ.

ಆದರೆ ಆ ರಕ್ತ ಯಾತರದು ಎಂದು ತಿಳಿಯಬೇಕಲ್ಲ. ನಮ್ಮ ದವಾಖಾನೆಗಳನ್ನು ನಡೆಸುವ ಸಂಘದವರು ಮಸ್ಕಿಗೂ ಸೂಕ್ಷ್ಮದರ್ಶಕ ಕೊಡುವ ಕಾಲ ಯಾವಾಗ ಬರುತ್ತದೋ, ಅಲ್ಲಿಯವರೆಗೆ ನನಗೆ ಲಿಂಗಸುಗೂರಿನ ಲ್ಯಾಬಿನಲ್ಲಿರುವ ನಿನ್ನ ಕಣ್ಣೇ ಗತಿ. ಬಿಸಿಲಿಗೆ ಒಣಗುವ ಮುಂಚೆ ನೋಡಿಬಿಡು.

ರಾಯಚೂರಿನ ತರಬೇತಿ ಹಾಸ್ಟೆಲ್ಲಿನಲ್ಲಿ ನಾವಿದ್ದ ಕೋಣೆ ಕೆಡವಿ ಸ್ಟೋರು ಕಟ್ಟಿದ್ದಾರಂತೆ. ಕೇಳಿ ಬೇಜಾರಾಯಿತು. ನಿನ್ನನ್ನು ನೋಡಲು ಹಟ್ಟಿಯಿಂದ ಗಂಡಿನ ಕಡೆಯವರು ಬರುತ್ತಾರೆಂದು ನೀನು ಬರೆದಿದ್ದೆ. ಬಂದರೇ? ಹುಡುಗನಿಗೆ ಗಣಿಯಲ್ಲಿ ಕೆಲಸ ಎಂದಮೇಲೆ ಪಾಳಿ ಮುಗಿಸಿ ಬಂದವನ ನಿದ್ದೆ ಕೆಡಿಸಬೇಡ.

ನಿನ್ನ
ಬಸ್ಸಕ್ಕ

*

ಲಿಂಗಸುಗೂರು,
14 ಆಗಸ್ಟ್ 1993

ಬಸ್ಸಕ್ಕಾ,

ಗ್ಯಾನಮ್ಮನ ವರದಿ ಇದರೊಳಗಿದೆ. ಕೀವಿನ ಕಣ, ರಕ್ತದ ಕಣ, ಹುಳುವಿನ ಮೊಟ್ಟೆ, ಆಮಶಂಕೆಯ ಜೀವಿ, ಯಾವುದೂ ಇಲ್ಲ. ಹುಡುಗಿ ಸುಧಾರಿಸಿದ್ದಾಳೆ ಎಂದು ಅವಳ ಅಪ್ಪನೇ ಹೇಳಿದ. ಇನ್ನೇನು ಚಿಂತೆ.

ಹಟ್ಟಿಯವರು ಬಂದು ಹೋದರು. ಹುಡುಗನ ಹೆಸರು ಮಾನಪ್ಪ. ತಲೆ ಎತ್ತಿ ನಾಲ್ಕು ಮಾತಾಡಿದ. ಅವನ ತಾಯಿಗೆ ನನ್ನ ನೌಕರಿ ಹಿಡಿಸಿದೆ, ಬಣ್ಣ ಹಿಡಿಸಿಲ್ಲ. ಉಳಿದದ್ದು ನೀನು ಬಂದಾಗ.

ನಿನ್ನ ತಂಗಿ
ಆದೆಮ್ಮ

*

ಮಸ್ಕಿ,
2 ಸೆಪ್ಟೆಂಬರ್ 1993

ಆದೆಮ್ಮ,

ಇಲ್ಲಿ ಕೆಟ್ಟದ್ದೊಂದು ನಡೆದಿದೆ. ಗ್ಯಾನಮ್ಮನಿಗೆ ಭೇದಿ ನಿಂತು ಹತ್ತು ದಿನ ಚೆನ್ನಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ಪಾದ ಜುಮುಗುಡುತ್ತದೆ ಎಂದಳು. ಮರುದಿನ ಕೊಡ ಹೊತ್ತು ಬರುವಾಗ ಮೊಣಕಾಲು ಮಡಚಿ ಬಿದ್ದಳು. ನಾನು ಹೋಗಿ ಮಂಡಿಯ ಕೆಳಗೆ ತಟ್ಟಿ ನೋಡಿದರೆ ಕಾಲು ಅಲುಗಲೇ ಇಲ್ಲ. ಎರಡೂ ಕಾಲು, ಆದೆಮ್ಮ. ನಾನು ಸೂಜಿ ಮಾಡಿದ್ದು ಒಂದೇ ಕಡೆ.

"ಸಿಸ್ಟರ್, ಕಾಲು ಅದಾವ, ಆದ್ರ ನನ್ನವಲ್ಲ ಅನಸಾಕತ್ತೈತಿ" ಎಂದಳು. ಅಳಲಿಲ್ಲ, ಹೆದರಿದ್ದಳು.

ನಾಲ್ಕನೇ ದಿನಕ್ಕೆ ಕೈ ಹೋದವು. ಆರನೇ ದಿನ ಮುಖ ಜೋತು, ರೆಪ್ಪೆ ಮುಚ್ಚದಂತಾಯಿತು. ಉಸಿರು ಕಡಿಮೆಯಾಗುವುದನ್ನು ಕಂಡು ನಾನೇ ಜೀಪು ಹಿಡಿಸಿ ಬೆಂಗಳೂರಿನ ನರರೋಗದ ಆಸ್ಪತ್ರೆಗೆ ಕಳಿಸಿದೆ. ಜೀಪು ಹತ್ತುವ ಮುನ್ನ ದುರುಗಪ್ಪ ನನ್ನ ಮುಂದೆ ಬಂದು ನಿಂತ. "ಜುಲಾಬಿಗೆ ಕಾಲು ಹೋಗ್ತಾವೇನು? ನೀ ಸೂಜಿ ಮಾಡಿದ ಮ್ಯಾಲೆ ಹೋಗ್ಯಾವ" ಎಂದ. ಓಣಿಯ ಜನ ಸುತ್ತ ನಿಂತಿತ್ತು. ಒಬ್ಬರೂ ಅವನ ಮಾತಿಗೆ ಎದುರಾಡಲಿಲ್ಲ. ಅವರಲ್ಲಿ ಅರ್ಧ ಮಂದಿಯ ಹೆರಿಗೆ ನಾನು ಮಾಡಿಸಿದ್ದೇನೆ.

ಈಗ ನನ್ನ ಮೇಲೆ ಸಂಘದ ಕಾರ್ಯದರ್ಶಿಗಳಿಗೆ ದೂರಿನ ಅರ್ಜಿ ಹೋಗಿದೆ. ನಿನ್ನಿಂದ ಒಂದು ಆಗಬೇಕು. ರಕ್ತ ಬಿದ್ದದ್ದನ್ನು ನಾನು ಕಂಡಿದ್ದೇನೆ, ವರದಿಯಲ್ಲಿ ಇಲ್ಲವೆಂದಿದೆ. ಗಾಜಿನ ಪಟ್ಟಿ ಇಟ್ಟಿದ್ದರೆ ಇನ್ನೊಮ್ಮೆ ನೋಡು. ಬೇರೆಯವರ ಬಾಟ್ಲಿಯ ಜೊತೆ ಅದಲುಬದಲಾಗಿದೆಯೇ ಎಂದು ನೋಡು. ಹುಡುಗಿಗೆ ಮೊದಲೇ ಹೊಟ್ಟೆಯಲ್ಲಿ ಏನೋ ದೊಡ್ಡ ರೋಗ ಇತ್ತೆಂದು ತಿಳಿದರೆ ಬೆಂಗಳೂರಿನ ಡಾಕ್ಟರಿಗೂ ಉಪಯೋಗ.

ನಿನ್ನ
ಬಸ್ಸಕ್ಕ

*

ಲಿಂಗಸುಗೂರು,
8 ಸೆಪ್ಟೆಂಬರ್ 1993

ಬಸ್ಸಕ್ಕಾ,

ನಿನ್ನ ಪತ್ರ ಓದಿ ಊಟ ಸೇರಲಿಲ್ಲ. ಗಾಜಿನ ಪಟ್ಟಿಗಳನ್ನು ತೊಳೆದು ಮತ್ತೆ ಬಳಸುತ್ತೇವೆ, ನಿನಗೂ ಗೊತ್ತು. ರಿಜಿಸ್ಟರಿನಲ್ಲಿ ಹೆಸರು, ತಾರೀಖು ಎಲ್ಲ ಸರಿಯಾಗಿವೆ. ಅದಲುಬದಲಾಗಿಲ್ಲ. ಬರೆದದ್ದು ಬರೆದ ಹಾಗೇ ಇದೆ, ಅದನ್ನು ಈಗ ತಿದ್ದಿದರೆ ಇಬ್ಬರಿಗೂ ತೊಂದರೆ. ಕಾರ್ಯದರ್ಶಿಗಳು ರಿಜಿಸ್ಟರು ತರಿಸಿಕೊಂಡಿದ್ದಾರೆ. ಕೇಳಿದರೆ ಇದ್ದದ್ದನ್ನು ಓದಿ ಹೇಳುತ್ತೇನೆ. ಧೈರ್ಯವಾಗಿರು. ನಿನ್ನ ಕೈಗುಣ ಎಲ್ಲರಿಗೂ ಗೊತ್ತಿದೆ.

ಆದೆಮ್ಮ

*

ಮಸ್ಕಿ,
1 ಅಕ್ಟೋಬರ್ 1993

ಆದೆಮ್ಮನವರಿಗೆ,

ವಿಚಾರಣೆಯ ದಿನ ನೀವು ರಿಜಿಸ್ಟರು ಓದಿದ್ದನ್ನು ನಾನು ಬಾಗಿಲ ಪಕ್ಕದ ಬೆಂಚಿನಿಂದ ಕೇಳಿದೆ. ನಾಲ್ಕು ಕಾಲಂ, ನಾಲ್ಕು ಸಲ 'ಇಲ್ಲ'. ಮಲದಲ್ಲಿ ಏನೂ ಇರಲಿಲ್ಲವೆಂದಾದರೆ ಸೂಜಿಯಿಂದಲೇ ಆಗಿರಬೇಕಲ್ಲವೇ ಎಂದು ಕಾರ್ಯದರ್ಶಿಗಳು ಕೇಳಿದರು. "ಅದು ನನಗೆ ಹೇಳಾಕ ಬರಂಗಿಲ್ರೀ" ಎಂದಿರಿ. ಹೇಳಲು ಬರುವುದಿಲ್ಲ ಎಂಬುದು ನಿಜವೇ ಇರಬಹುದು. ಆದರೆ ಬಸ್ಸಮ್ಮ ಸಿರಿಂಜು ಕುದಿಸದೆ ಯಾವತ್ತೂ ಹಿಡಿದವಳಲ್ಲ ಎಂದು ಹೇಳಲು ಬರುತ್ತಿತ್ತು. ಮೂರು ವರ್ಷ ಒಂದೇ ಕೋಣೆಯಲ್ಲಿದ್ದವರು ನೀವು. ನನ್ನ ಪಕ್ಕದಿಂದಲೇ ಹೊರಗೆ ಹೋದಿರಿ, ಚಪ್ಪಲಿ ಹುಡುಕುವ ನೆಪದಲ್ಲಿ ಕೂಡ ನಿಲ್ಲಲಿಲ್ಲ.

ಆಜ್ಞೆ ಬಂದಿದೆ. ಸಿಂಧನೂರಿನ ದವಾಖಾನೆಗೆ ವರ್ಗ. ಅಲ್ಲಿ ರೋಗಿಗಳ ಹೆಸರಿನ ಚೀಟಿ ಬರೆಯುವ ಕೆಲಸ. ಇನ್ನು ಮುಂದೆ ಸೂಜಿ ಹಿಡಿಯಕೂಡದು. ಏಳು ವರ್ಷ ಮಾಡಿದ ಕೆಲಸವನ್ನು ಮೂರು ಸಾಲಿನಲ್ಲಿ ಕಿತ್ತುಕೊಂಡಿದ್ದಾರೆ.

ಬಸ್ಸಮ್ಮ

*

ಲಿಂಗಸುಗೂರು,
19 ಡಿಸೆಂಬರ್ 1993

ಬಸ್ಸಕ್ಕಾ,

ಇದು ನಾಲ್ಕನೆಯ ಪತ್ರ. ಹಿಂದಿನ ಮೂರಕ್ಕೂ ಉತ್ತರವಿಲ್ಲ. ಸಿಂಧನೂರಿನ ವಿಳಾಸ ಸರಿ ಇದೆಯೆಂದು ನಮ್ಮ ಜೀಪಿನ ಡ್ರೈವರ್ ಬುಡ್ಡೇಸಾಬ್ ಹೇಳಿದ. ನೀನು ಚೀಟಿ ಬರೆಯುವ ಕಿಟಕಿಯನ್ನೂ ನೋಡಿ ಬಂದನಂತೆ. ಸೊರಗಿದ್ದೀ ಎಂದ.

ಮೇ ತಿಂಗಳಲ್ಲಿ ಮದುವೆ. ನೀನು ಬಾರದೆ ನನಗೆ ಅರಿಸಿನ ಹಚ್ಚುವವರು ಯಾರು? ಆದದ್ದನ್ನು ಬಿಟ್ಟುಬಿಡು ಎಂದು ಹೇಳುವ ಬಾಯಿ ನನಗಿಲ್ಲ. ಆದರೂ ಎರಡು ಸಾಲು ಬರೆ.

ಆದೆಮ್ಮ

*

ಮಸ್ಕಿ,
6 ಮಾರ್ಚ್ 1994

ಬಸ್ಸಮ್ಮ ಸಿಸ್ಟರ್ ಅವರಿಗೆ ಗ್ಯಾನಮ್ಮ ಮಾಡುವ ನಮಸ್ಕಾರ.

ನಾನು ಬದುಕಿದ್ದೇನೆ. ಈ ಪತ್ರ ಬರೆಯಲು ಮೂರು ದಿನ ಹಿಡಿಯಿತು. ಬೆರಳು ಪೆನ್ನನ್ನು ಬಿಗಿಯಾಗಿ ಹಿಡಿಯುವುದಿಲ್ಲ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿರಿ. ಗೋಡೆ ಹಿಡಿದು ಹಿತ್ತಿಲವರೆಗೆ ನಡೆಯುತ್ತೇನೆ.

ಬೆಂಗಳೂರಿನಲ್ಲಿ ಹತ್ತೊಂಬತ್ತು ದಿನ ಯಂತ್ರ ನನ್ನ ಬದಲು ಉಸಿರಾಡಿತು. ಕಣ್ಣು ಮುಚ್ಚಲು ಬರುತ್ತಿರಲಿಲ್ಲ, ನರ್ಸು ಪಟ್ಟಿ ಅಂಟಿಸಿ ಮುಚ್ಚುತ್ತಿದ್ದಳು. ಆದರೆ ನನಗೆ ಎಚ್ಚರವಿತ್ತು, ಕಿವಿ ಕೇಳುತ್ತಿತ್ತು. ನೋಡಲು ಬಂದವರಿಗೆಲ್ಲ ಅಪ್ಪ ಒಂದೇ ಮಾತು ಹೇಳುತ್ತಿದ್ದ, ಮಸ್ಕಿಯ ನರ್ಸು ನನ್ನ ಮಗಳನ್ನು ಕೊಂದಳು ಎಂದು. ಅಲ್ಲ ಎನ್ನಲು ನನಗೆ ನಾಲಿಗೆ ಇರಲಿಲ್ಲ.

ಅಲ್ಲಿಯ ದೊಡ್ಡ ಡಾಕ್ಟರು ಬೆನ್ನಿನಿಂದ ನೀರು ತೆಗೆದು ನೋಡಿದರು. ನಾನು ಮಾತಾಡುವಂತಾದ ಮೇಲೆ ಕೂತು ತಿಳಿಸಿ ಹೇಳಿದರು. ನಮ್ಮ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಕ್ರಿಮಿಗಳು ನಮ್ಮ ಜೊತೆಗೇ ಬಾಳುತ್ತವಂತೆ, ಅವು ಕೇಡು ಮಾಡುವುದಿಲ್ಲ. ನನ್ನ ಹೊಟ್ಟೆಗೆ ಹೊಕ್ಕಿದ್ದು ಹೊರಗಿನ ಕ್ರಿಮಿ. ಅದನ್ನು ಕೊಲ್ಲಲು ಮೈಯ ಕಾವಲಿನ ಶಕ್ತಿ ಎದ್ದಿತು. ಆ ಕ್ರಿಮಿಯ ಹೊದಿಕೆಗೂ ನಮ್ಮ ನರದ ಹೊದಿಕೆಗೂ ಹೋಲಿಕೆ ಇದೆಯಂತೆ. ಕ್ರಿಮಿ ಹೋದ ಮೇಲೂ ಶಕ್ತಿ ಸುಮ್ಮನಾಗದೆ, ಮೆದುಳಿನಿಂದ ಮತ್ತು ಬೆನ್ನುಹುರಿಯಿಂದ ಹೊರಬರುವ ನರಗಳನ್ನೇ ವೈರಿ ಎಂದು ತಿಳಿದು ಕೆಡಿಸತೊಡಗಿತು. ಎಲ್ಲವೂ ಇನ್ನೂ ಪೂರ್ತಿ ತಿಳಿದಿಲ್ಲ ಎಂದೂ ಹೇಳಿದರು. ಸೂಜಿಯಿಂದ ಹೀಗಾಯಿತೇ ಎಂದು ನಾನು ಕೇಳಿದೆ. ಅಲ್ಲ, ಒಂದು ಕಡೆ ಮಾಡಿದ ಸೂಜಿ ಎರಡು ಕಾಲು, ಎರಡು ಕೈ, ಮುಖ ಎಲ್ಲವನ್ನೂ ಹೀಗೆ ಕೆಡಿಸುವುದಿಲ್ಲ ಎಂದರು. ಆಗಸ್ಟಿನ ಮಲದ ವರದಿ ಕೇಳಿದರು. ನೀವು ಜೀಪಿನಲ್ಲಿ ಕೊಟ್ಟು ಕಳಿಸಿದ್ದ ಲಿಂಗಸುಗೂರಿನ ಚೀಟಿಯನ್ನು ಅಪ್ಪ ಕೊಟ್ಟ. ಓದಿ, ರಕ್ತ ಬಿದ್ದವಳ ಮಲದಲ್ಲಿ ಏನೂ ಕಾಣದಿರುವುದು ಹೇಗೆ, ಯಾರೋ ನೋಡದೆ ಬರೆದಂತಿದೆ ಎಂದರು.

ನಾನು ಇದನ್ನೆಲ್ಲ ಓಣಿಯಲ್ಲಿ ಹೇಳಿದೆ. ಅಪ್ಪ ಒಪ್ಪುತ್ತಿಲ್ಲ. ಚೀಟಿಯಲ್ಲಿ ಇಲ್ಲ ಎಂದು ಬರೆದಿದೆ, ಬರೆದವರಿಗೆ ಸುಳ್ಳು ಹೇಳಿ ಏನಾಗಬೇಕು ಎನ್ನುತ್ತಾನೆ. ನಿಮ್ಮ ನಂತರ ಬಂದ ಸಂಗಮ್ಮ ಸಿಸ್ಟರ್ ಅವರ ಲಸಿಕೆಯ ಡಬ್ಬಿ ತುಂಬಿದ ಹಾಗೇ ವಾಪಸು ಹೋಗುತ್ತದೆ. ಸೂಜಿ ಮಾಡಿಸಿದರೆ ಮಕ್ಕಳು ಗ್ಯಾನಮ್ಮನ ಹಾಗೆ ಆಗುತ್ತಾರೆ ಎಂದು ತಾಯಂದಿರು ಬಾಗಿಲು ಹಾಕಿಕೊಳ್ಳುತ್ತಾರೆ. ಕಳೆದ ತಿಂಗಳು ದಡಾರ ಬಂದು ನಮ್ಮ ಪಕ್ಕದ ಮನೆಯ ಯಮನೂರಮ್ಮನ ವರ್ಷದ ಕೂಸು ಹೋಯಿತು. ಅವರ ಮನೆಯ ಮುಂದೆ ಹಾದು ಹೋಗಲು ನನಗೆ ಆಗುವುದಿಲ್ಲ. ನನ್ನ ಹೆಸರಿನಿಂದ ಹೋದ ಕೂಸು ಅದು.

ಇನ್ನೊಂದು ಮಾತು, ಇದು ನಿಮಗೊಬ್ಬರಿಗೇ. ಆ ಕ್ರಿಮಿ ಹಸಿ ಹಾಲಿನಿಂದಲೂ ಬರುತ್ತದೆಯಂತೆ. ಆ ವಾರವೆಲ್ಲ ಅಪ್ಪ ಆಡು ಕರೆದು, ಬಿಸಿ ಆರುವ ಮುಂಚೆ ಕುಡಿ, ಮೈಗೆ ಹತ್ತುತ್ತದೆ ಎಂದು ಚರಿಗೆ ನನ್ನ ಕೈಗೆ ಕೊಡುತ್ತಿದ್ದ. ಹಾಲಿನ ಮಾತು ನಾನು ಅವನಿಗೆ ಹೇಳಿಲ್ಲ. ನೀವೂ ಹೇಳಬೇಡಿರಿ.

ಇಂತಿ
ಗ್ಯಾನಮ್ಮ

*

ಸಿಂಧನೂರು,
11 ಮಾರ್ಚ್ 1994

ಆದೆಮ್ಮ,

ಒಂದೇ ಪ್ರಶ್ನೆ. ಆ ಬಾಟ್ಲಿಯನ್ನು ನೀನು ನೋಡಿದೆಯಾ?

ಬಸ್ಸಮ್ಮ

*

ಲಿಂಗಸುಗೂರು,
20 ಮಾರ್ಚ್ 1994

ಬಸ್ಸಕ್ಕಾ,

ನೋಡಲಿಲ್ಲ.

ಒಂದು ವಾರದಿಂದ ಈ ಒಂದು ಶಬ್ದ ಬರೆದು ಹರಿದುಹಾಕುತ್ತಿದ್ದೆ. ಈಗ ಉಳಿದದ್ದನ್ನೂ ಬರೆಯುತ್ತೇನೆ. ದುರುಗಪ್ಪ ಬಾಟ್ಲಿ ತಂದುಕೊಟ್ಟಾಗ ಮಧ್ಯಾಹ್ನ. ಹಟ್ಟಿಯವರು ಅಂದೇ ಸಂಜೆ ಬರುವರೆಂದು ಮನೆಯಿಂದ ಆಳು ಬಂದಿದ್ದ. ಬಾಟ್ಲಿಯನ್ನು ಕಿಟಕಿಯಲ್ಲಿಟ್ಟು ಬಾಗಿಲು ಹಾಕಿ ಹೋದೆ. ಮರುದಿನ ನೆಂಟರು ಹೋಗಲಿಲ್ಲ, ನಾನು ಕೆಲಸಕ್ಕೆ ಬರಲಿಲ್ಲ. ಮೂರನೆಯ ದಿನ ಬಂದು ನೋಡಿದರೆ ಬಿಸಿಲಿಗೆ ಒಣಗಿ ಗಾಜಿಗೆ ಅಂಟಿಕೊಂಡಿತ್ತು. ಇನ್ನೊಂದು ಕಳಿಸು ಎಂದು ನಿನಗೆ ಬರೆದಿದ್ದರೆ ಸಾಕಿತ್ತು. ನೀನು ಬೈದು ಕಳಿಸುತ್ತಿದ್ದೆ. ಆದರೆ ಎರಡು ದಿನದ ಗೈರುಹಾಜರಿ ಕಾರ್ಯದರ್ಶಿಗಳಿಗೆ ತಿಳಿಯುತ್ತಿತ್ತು. ಹುಡುಗಿ ಸುಧಾರಿಸಿದ್ದಾಳೆಂದು ಅವಳ ಅಪ್ಪನೇ ಹೇಳಿದನಲ್ಲ ಎಂದುಕೊಂಡು ನಾಲ್ಕೂ ಕಡೆ 'ಇಲ್ಲ' ಎಂದು ಬರೆದೆ. ಬಾಟ್ಲಿ ತೊಳೆದಿಟ್ಟೆ.

ವಿಚಾರಣೆಯ ದಿನ ಹೇಳಿಬಿಡಬೇಕೆಂದೇ ಬಂದಿದ್ದೆ. ರಿಜಿಸ್ಟರು ತೆರೆದಾಗ ನನ್ನ ಅಕ್ಷರ ಎಷ್ಟು ದುಂಡಗೆ ಕಂಡಿತೆಂದರೆ, ಅದು ಸುಳ್ಳೆಂದು ನನಗೇ ನಂಬಲಾಗಲಿಲ್ಲ. ಓದಿಬಿಟ್ಟೆ. ನೀನು ಬೆಂಚಿನ ಮೇಲೆ ಕೂತದ್ದು ನನಗೆ ಕಾಣುತ್ತಿತ್ತು.

ಮೇ ಒಂಬತ್ತಕ್ಕೆ ಮುಹೂರ್ತ. ಇದು ಹೊರಗೆ ಬಿದ್ದರೆ ನೌಕರಿಯೂ ಇಲ್ಲ, ಮದುವೆಯೂ ಇಲ್ಲ. ಅಕ್ಕಾ, ನೀನು ಕೇಳಿದೆ ಎಂದು ನಿನಗೆ ಹೇಳಿದ್ದೇನೆ. ಓದಿದ ಮೇಲೆ ಈ ಪತ್ರವನ್ನು ಹರಿದುಹಾಕು. ಮದುವೆ ಮುಗಿಯಲಿ, ಆಮೇಲೆ ನಿನ್ನ ಕೆಲಸ ವಾಪಸು ಕೊಡಿಸಲು ಯಾರ ಕಾಲು ಬೇಕಾದರೂ ಹಿಡಿಯುತ್ತೇನೆ.

ಆದೆಮ್ಮ

*

ಸಿಂಧನೂರು,
25 ಮಾರ್ಚ್ 1994

ಆದೆಮ್ಮ,

ಹರಿದಿಲ್ಲ.

ನೀನು ಬಾಟ್ಲಿ ನೋಡದೆ ಹೋದದ್ದಕ್ಕೆ ನನಗೆ ಸಿಟ್ಟು ಬಂತು, ಒಂದು ದಿನದಲ್ಲಿ ಇಳಿಯಿತು. ಇಪ್ಪತ್ತೇಳು ವರ್ಷದ ಹುಡುಗಿ, ನೋಡಲು ಗಂಡು ಬಂದಿದ್ದ. ನಾನೂ ಎಂದೋ ಒಂದು ದಿನ ಹಾಗೆ ಮಾಡುತ್ತಿದ್ದೆನೇನೋ. ಆದರೆ ಸೆಪ್ಟೆಂಬರಿನಲ್ಲಿ ನಾನು ನಿನಗೆ ಬರೆದಿದ್ದೆ, ರಕ್ತ ಕಣ್ಣಾರೆ ಕಂಡಿದ್ದೇನೆ ಎಂದು. ಏಳು ತಿಂಗಳು ನಾನು ನನ್ನ ಕಣ್ಣನ್ನೇ ಸಂಶಯಿಸಿದೆ. ಸಿರಿಂಜು ಕುದಿಸಿದ್ದು ನಿಜವೋ, ಕುದಿಸಿದೆನೆಂದು ಅಂದುಕೊಂಡೆನೋ ಎಂದು ಎಷ್ಟು ಸಲ ಕೇಳಿಕೊಂಡೆನೋ ಲೆಕ್ಕವಿಲ್ಲ. ಹುಡುಗಿಯ ಕಾಲು ನಾನೇ ತೆಗೆದೆನೇನೋ ಎಂದು ನಂಬುವ ಹಂತಕ್ಕೆ ಬಂದಿದ್ದೆ. ಅದು ಹಾಗಲ್ಲವೆಂದು ತಿಳಿದಿದ್ದವಳು ನೀನೊಬ್ಬಳೇ. ತಿಳಿದೂ ಮದುವೆಗೆ ಕರೆದೆ, ಅರಿಸಿನ ಹಚ್ಚು ಎಂದು ಬರೆದೆ.

ಈಗಲೂ ನಿನಗೆ ಮೇ ಒಂಬತ್ತು ಮುಖ್ಯ. ಮಸ್ಕಿಯಲ್ಲಿ ಸೂಜಿಗೆ ಹೆದರಿ ಲಸಿಕೆ ಹಾಕಿಸದೆ, ದಡಾರದಿಂದ ಒಂದು ಕೂಸು ಸತ್ತಿದೆ. ಬೇಸಿಗೆ ಇನ್ನೂ ಮುಂದಿದೆ, ಓಣಿಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ನನಗೆ ಹೆಸರು ಸಮೇತ ಗೊತ್ತು. ನಿನ್ನ ಮುಹೂರ್ತದವರೆಗೆ ಅವರನ್ನು ಮುಟ್ಟಬೇಡ ಎಂದು ದಡಾರಕ್ಕೆ ಹೇಳಲು ನನಗೆ ಬರುವುದಿಲ್ಲ.

ಈ ಬರುವ ಗುರುವಾರ, 31ನೇ ತಾರೀಖು, ಬೆಳಗಿನ ಬಸ್ಸಿಗೆ ನಾನು ನಿನ್ನ ಪತ್ರವನ್ನು ಕಾರ್ಯದರ್ಶಿಗಳಿಗೆ ಒಯ್ಯುತ್ತೇನೆ. ಬುಧವಾರದವರೆಗೆ ನಿನಗೆ ಸಮಯವಿದೆ. ನೀನೇ ಹೋಗಿ ಹೇಳಿ, ಬರೆದು ಸಹಿ ಮಾಡಿದರೆ ಈ ಪತ್ರ ನನ್ನ ಟ್ರಂಕಿನಲ್ಲೇ ಉಳಿಯುತ್ತದೆ. ನಿನಗೆ ತಿಳಿಸದೆ ನಾನು ಏನೂ ಮಾಡಲಿಲ್ಲವೆಂದು ನೆನಪಿಟ್ಟುಕೋ.

ಬಸ್ಸಮ್ಮ

*

ಲಿಂಗಸುಗೂರು,
31 ಮಾರ್ಚ್ 1994

ಬಸ್ಸಕ್ಕಾ,

ನಿನ್ನೆ ಸಂಜೆ, ಕಚೇರಿ ಮುಚ್ಚುವ ಹೊತ್ತಿಗೆ ಹೋದೆ. ಬರೆದುಕೊಟ್ಟೆ. ಕಾರ್ಯದರ್ಶಿಗಳು ಎರಡು ಸಲ ಓದಿ, "ಯಾಕವ್ವಾ, ಅವತ್ತ ಹೇಳಿದ್ರ ಏನಾಕ್ಕಿತ್ತು?" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇವತ್ತಿನಿಂದ ನನಗೆ ಕೆಲಸವಿಲ್ಲ.

ಹಟ್ಟಿಯವರಿಗೆ ನಾನೇ ಹೇಳಿಕಳಿಸಿದೆ. ಮದುವೆ ಮುಂದಕ್ಕೆ ಹಾಕೋಣ ಎಂದಿದ್ದಾರೆ. ಮುಂದಕ್ಕೆ ಎಂದರೆ ಏನೆಂದು ನಿನಗೂ ಗೊತ್ತು, ನನಗೂ ಗೊತ್ತು.

ನಿನ್ನನ್ನು ನೋಡಬೇಕು. ಸಿಂಧನೂರಿಗೆ ಬರಲೇ?

ಆದೆಮ್ಮ

*

ಮಸ್ಕಿ,
17 ಜುಲೈ 1994

ಆದೆಮ್ಮ,

ಉತ್ತರ ಬರೆಯಬಾರದೆಂದೇ ಇದ್ದೆ. ಇಷ್ಟು ದಿನದ ಮೇಲೆ ಬರೆಯುತ್ತಿದ್ದೇನೆ.

ಆಜ್ಞೆ ರದ್ದಾಗಿ ಜೂನ್‌ನಲ್ಲಿ ಮಸ್ಕಿಗೆ ಬಂದೆ. ಕಾರ್ಯದರ್ಶಿಗಳು ನೀನು ಬರೆದುಕೊಟ್ಟದ್ದನ್ನು ಓಣಿಯಲ್ಲಿ ನಿಂತು ಓದಿದರು. ಜನ ಕೇಳಿ ಮನೆಗೆ ಹೋದರು. ಮೊದಲ ವಾರ ಒಂದು ಮಗುವೂ ಬರಲಿಲ್ಲ. ಎರಡನೆಯ ವಾರ ಗ್ಯಾನಮ್ಮ ಕೋಲೂರಿಕೊಂಡು ದವಾಖಾನೆಗೆ ಬಂದಳು. ಕಾಲಿಗೆ ಮುಳ್ಳು ನೆಟ್ಟು ಗಾಯವಾಗಿತ್ತು, ಪಾದದಲ್ಲಿ ಇನ್ನೂ ಸ್ಪರ್ಶ ಪೂರ್ತಿ ಬಂದಿಲ್ಲ. ಧನುರ್ವಾತದ ಸೂಜಿ ಬೇಕಿತ್ತು. ಒಳಗೆ ಬಾ ಎಂದರೆ ಬರಲಿಲ್ಲ. "ಇಲ್ಲೇ ಮಾಡ್ರಿ, ಎಲ್ಲಾರೂ ನೋಡ್ಲಿ" ಎಂದು ಕಟ್ಟೆಯ ಮೇಲೆ ಕೂತು ತೋಳು ಮುಂದೆ ಚಾಚಿದಳು. ಕುದಿಸಿದ ಸಿರಿಂಜು ಹೊರಗೆ ತಂದು ಎಲ್ಲರೆದುರು ಮಾಡಿದೆ. ನಾನು ಸೂಜಿ ಹಿಡಿದು ಒಂಬತ್ತು ತಿಂಗಳಾಗಿತ್ತು. ಮರುದಿನ ನಾಲ್ಕು ತಾಯಂದಿರು ಕೂಸುಗಳನ್ನು ತಂದರು. ಯಮನೂರಮ್ಮ ತನ್ನ ಬಾಗಿಲಲ್ಲಿ ನಿಂತು ಅವರು ಹೋಗುವುದನ್ನು ನೋಡುತ್ತಿದ್ದಳು. ನಾನು ತಲೆ ತಗ್ಗಿಸಿದೆ, ನನ್ನ ತಪ್ಪಲ್ಲದಿದ್ದರೂ.

ನಿನ್ನೆ ದುರುಗಪ್ಪ ಬಂದ. ಕ್ಷಮೆ ಕೇಳಲಿಲ್ಲ, ಅವನಿಗೆ ಆ ಮಾತು ಬರುವುದಿಲ್ಲ. ಕಟ್ಟೆಯ ಮೇಲೆ ಕೂತು, ಹಾಗಾದರೆ ಕ್ರಿಮಿ ಬಂದದ್ದಾದರೂ ಎಲ್ಲಿಂದ ಎಂದು ಕೇಳಿದ. ನೀರಿನಿಂದ ಇರಬಹುದು ಎಂದೆ. ಅವನು ಟವೆಲಿನ ಅಂಚು ತಿರುವುತ್ತ, "ನಾ ಆಗ ಆಕಿಗಿ ಹಾಲು ಕುಡಸ್ತಿದ್ದೆ. ಹಸೀ ಹಾಲು" ಎಂದ. ಅದು ಪ್ರಶ್ನೆಯೋ ಅಲ್ಲವೋ ತಿಳಿಯಲಿಲ್ಲ. "ಇನ್ನ ಮ್ಯಾಲೆ ಕಾಸಿ ಕುಡಸ್ರಿ" ಎಂದಷ್ಟೇ ನಾನು ಹೇಳಿದೆ. ಅವನು ಎದ್ದ. ಮೆಟ್ಟಿಲ ಹತ್ತಿರ ಕಂಬ ಹಿಡಿದು ನಿಂತ. ಆಮೇಲೆ ಇಳಿದು ಹೋದ.

ಗೊತ್ತಿದ್ದೂ ಹೇಳದೆ ಇರುವುದು ಎಷ್ಟು ಭಾರವೆಂದು ಅವನ ಬೆನ್ನು ನೋಡುತ್ತ ನನಗೆ ತಿಳಿಯಿತು. ನೀನೂ ಇದನ್ನು ಹೊತ್ತಿದ್ದೆ ಎಂದು ಬಲ್ಲೆ. ಆದರೆ ನಾನು ಮುಚ್ಚಿಟ್ಟದ್ದು ಅವನಿಗಾಗಿ, ನೀನು ಮುಚ್ಚಿಟ್ಟದ್ದು ನಿನಗಾಗಿ. ಎರಡನ್ನೂ ಒಂದೇ ಎನ್ನಲು ನನ್ನಿಂದಾಗದು.

ಇದನ್ನೆಲ್ಲ ನಿನಗೇಕೆ ಬರೆಯುತ್ತಿದ್ದೇನೆ ಎಂದರೆ, ಯಾರಿಗೂ ಹೇಳಲಾಗದ್ದನ್ನು ಹೇಳಿಕೊಳ್ಳಲು ನನಗೆ ಇದ್ದವಳು ನೀನೊಬ್ಬಳೇ. ಆ ಜಾಗಕ್ಕೆ ಇನ್ನೂ ಬೇರೆ ಯಾರೂ ಬಂದಿಲ್ಲ. ನೀನೂ ಬರಬೇಡ.

ಬಸ್ಸಮ್ಮ